ಒಂದು ಚೀಲ ಖಡಕ್ ರೊಟ್ಟಿ, ಇಬ್ಬರು ಮಕ್ಕಳು, ಮೂರು ದೇಶ

ಜರ್ಮನಿಯ ಹ್ಯಾಂಬರ್ಗಿನ ಮನೆಗೆ ವಾಪಸ್ ಬಂದು ಒಂದು ವಾರವಾಯಿತು. ಬಟ್ಟೆ ಒಗೆದು ಮುಗಿದಿದೆ, ಬ್ಯಾಗುಗಳು ಅಟ್ಟ ಸೇರಿವೆ. ಮಗ ಮಾತ್ರ ಇನ್ನೂ ರಾತ್ರಿ ಒಂಬತ್ತಕ್ಕೆ ಕಿಟಕಿಯತ್ತ ಕೈ ತೋರಿಸಿ "ಬೆಕ್ಕು, ಬೆಕ್ಕು" ಅಂತಾನೆ. ಬೆಕ್ಕಲ್ಲ, ಬೆಳಕು. ಒಂದೂವರೆ ವರ್ಷದವನ ಬಾಯಲ್ಲಿ ಅಷ್ಟೇ ಬರುವುದು.

ಹೊರಡುವ ಮೊದಲು ನಾಲ್ಕಾರು ಜನ ಹೇಳಿದ್ದರು. ಸ್ಕ್ಯಾಂಡಿನೇವಿಯಾ ವಿಪರೀತ ದುಬಾರಿ, ಮಕ್ಕಳು ಇಷ್ಟು ಸಣ್ಣವರು, ಸ್ವಲ್ಪ ದೊಡ್ಡವರಾಗಲಿ ಆಮೇಲೆ ಹೋಗಿ ಅಂತ. ದುಬಾರಿ ಅನ್ನೋದು ನಿಜ. ಆದರೆ ಮಕ್ಕಳು ಸಣ್ಣವರಿರುವಾಗಲೇ ಹೋಗಬೇಕಾದ ಕಡೆ ಅದು ಅಂತ ನನಗೀಗ ಗಟ್ಟಿಯಾಗಿ ಅನಿಸುತ್ತಿದೆ. ಮಗಳಿಗೆ ಐದು ವರ್ಷ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 12 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಮೆಟ್ರೋದಲ್ಲಿ ಪುಕ್ಕಟೆ. ಸ್ವೀಡನ್‌ನ ಗೋಥೆನ್‌ಬರ್ಗ್‌ ಊರಿನ ಟ್ರಾಮಿನಲ್ಲಿ 7 ತುಂಬುವವರೆಗೆ ಪುಕ್ಕಟೆ, ನಾರ್ವೆಯ ಓಸ್ಲೋದಲ್ಲಿ 6 ತುಂಬುವವರೆಗೆ. ನಾವು ಉಳಿದ ಎರಡು ಹೋಟೆಲಿನಲ್ಲೂ ಮಕ್ಕಳ ಹಾಸಿಗೆಗೂ ಬೆಳಗಿನ ತಿಂಡಿಗೂ ದುಡ್ಡು ಕೇಳಲಿಲ್ಲ. ಹತ್ತು ವರ್ಷದ ಮಕ್ಕಳಿಗೆ ಈ ಲೆಕ್ಕ ಪೂರ್ತಿ ಬರುವುದಿಲ್ಲ.

ಬುಧವಾರ

ರೈಲು ಪ್ರಯಾಣದ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ಹ್ಯಾಂಬರ್ಗ್‌ನಿಂದ ಕೋಪನ್‌ಹೇಗನ್‌ಗೆ ಐದು ಗಂಟೆಯ ಹತ್ತಿರ. ಮಗ ಅರ್ಧ ದಾರಿ ನಿದ್ದೆ ಮಾಡಿದ, ಉಳಿದರ್ಧ ದಾರಿ ನಾನು ಅವನ ಹಿಂದೆ ಬೋಗಿಯಲ್ಲಿ ಓಡಾಡಿದೆ.

ತೊಂದರೆ ಶುರುವಾಗಿದ್ದು ರೂಮಿನ ಬಾಗಿಲು ತೆಗೆದಾಗ. ಮಂಚದ ಎರಡು ಬದಿಯಲ್ಲಿ ಒಂದೊಂದು ಮೊಳ ಜಾಗ, ಅಷ್ಟೇ. ಬುಕ್ ಮಾಡುವಾಗ ಮಗಳನ್ನು ಸೇರಿಸಿದ್ದೆವು, ಮಗ ಹೇಗೂ ನನ್ನ ಪಕ್ಕ ಮಲಗುತ್ತಾನೆ ಅಂತ ಅವನ ಹೆಸರು ಹಾಕಿರಲಿಲ್ಲ. ಅಲ್ಲಿ ಹಾಗೆ ನಡೆಯುವುದಿಲ್ಲ. ಬೆಂಕಿ ಬಿದ್ದರೆ ಯಾವ ರೂಮಿನಲ್ಲಿ ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕ ಅವರಿಗೆ ಪಕ್ಕಾ ಇರಬೇಕಂತೆ, ಕೂಸಾದರೂ ಒಂದು ತಲೆಯೇ. ರಿಸೆಪ್ಷನ್‌ನ ಹುಡುಗ ಬೇಜಾರು ಮಾಡಿಕೊಳ್ಳದೆ ಮಡಚುವ ತೊಟ್ಟಿಲು ತಂದುಕೊಟ್ಟ. ಅದನ್ನು ಬಿಚ್ಚಿಟ್ಟ ಮೇಲೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಎರಡು ದಿನ ನಾವೆಲ್ಲ ಅಡ್ಡಡ್ಡ ತೂರಿಕೊಂಡೇ ಓಡಾಡಿದೆವು. ಮುಂದಿನ ಊರುಗಳಿಗೆ ಆ ರಾತ್ರಿಯೇ ಬರೆದು ನಾಲ್ಕು ಜನ ಅಂತ ತಿದ್ದಿಸಿದೆ. ಒಂದು ಪೈಸೆ ಜಾಸ್ತಿ ಆಗಲಿಲ್ಲ, ಮೊದಲೇ ಹೇಳಿದ್ದರೆ ದೊಡ್ಡ ರೂಮೇ ಸಿಗುತ್ತಿತ್ತು.

ಸ್ನಾನದ ಕೋಣೆ ಮಾತ್ರ ನಮ್ಮೂರಿನ ಬಚ್ಚಲಿನ ಹಾಗೇ ಇತ್ತು. ಗಾಜಿನ ಗೂಡಿಲ್ಲ, ಟಬ್ ಇಲ್ಲ. ಇಡೀ ನೆಲವೇ ಒದ್ದೆಯಾಗುತ್ತದೆ, ಮೂಲೆಯಲ್ಲಿ ಒಂದು ರಬ್ಬರ್ ಪಟ್ಟಿಯ ಕೋಲು, ಸ್ನಾನ ಆದ ಮೇಲೆ ನೀರನ್ನು ನಾವೇ ತಳ್ಳಬೇಕು. ಮಗಳಿಗೆ ಆ ಕೆಲಸ ಎಷ್ಟು ಇಷ್ಟವಾಯಿತು ಅಂದರೆ ಸ್ನಾನಕ್ಕೆ ಕರೆದರೆ ಓಡಿ ಬರುತ್ತಿದ್ದಳು. ಮೇಲಿನಿಂದ ಸುರಿಯುವ ಷವರ್ ಕಂಡರೆ ಮಗನಿಗೆ ಭಯ. ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಚೊಂಬು ಹಾಕಿಕೊಂಡಿದ್ದೆ, ಅದೊಂದು ಇಡೀ ಪ್ರವಾಸ ಕಾಪಾಡಿತು. ಸಣ್ಣ ಮಕ್ಕಳಿದ್ದವರು ಚೊಂಬು ಮರೆಯಬೇಡಿ.

ರಾತ್ರಿ ಹತ್ತಾದರೂ ಹೊರಗೆ ಸಂಜೆ ಆರರ ಬೆಳಕು. ದಪ್ಪ ಪರದೆ ಇತ್ತು, ಆದರೆ ಎರಡು ಪರದೆಗಳ ನಡುವೆ ಒಂದು ಬೆರಳಿನಷ್ಟು ಸಂದಿ. ಆ ಸಂದಿಯಿಂದ ಬರುವ ಗೆರೆ ನೇರವಾಗಿ ತೊಟ್ಟಿಲ ಮೇಲೆ. ಬಟ್ಟೆ ಒಣಹಾಕುವ ಕ್ಲಿಪ್ಪು ನಾಲ್ಕು ಇದ್ದವು, ಹಾಕಿ ಮುಚ್ಚಿದೆ. ಆದರೂ ಬೆಳಗಿನ ನಾಲ್ಕೂವರೆಗೆ ಮಗ ಎದ್ದು ಕೂತ.

ಗುರುವಾರ

ತಿಂಡಿಯ ಕೋಣೆ ಆರೂವರೆಗೆ ತೆರೆಯಿತು, ಮೊದಲು ಒಳಗೆ ಹೋದವರು ನಾವೇ. ಈ ಬೆಳಗಿನ ತಿಂಡಿ ಇದೆಯಲ್ಲ, ಈ ದೇಶಗಳಲ್ಲಿ ನಮ್ಮಂಥವರ ದುಡ್ಡು ಉಳಿಯುವುದು ಇಲ್ಲೇ. ತಿಂಡಿ ಸೇರದ ಹೋಟೆಲು ಸ್ವಲ್ಪ ಅಗ್ಗ ಕಂಡರೂ ಬೇಡ. ಹೊಟ್ಟೆ ತುಂಬ, ಸಾವಕಾಶವಾಗಿ, ಒಂದು ಗಂಟೆ ಕೂತು ತಿಂದರೆ ಮಧ್ಯಾಹ್ನಕ್ಕೆ ಬ್ರೆಡ್ಡು ಹಣ್ಣು ಸಾಕು. ಗೋಡೆಯ ಪಕ್ಕ ಮಕ್ಕಳ ಎತ್ತರದ ಕುರ್ಚಿಗಳ ಸಾಲೇ ಇತ್ತು, ಹಾಲು ಬಿಸಿ ಮಾಡೋಕೆ ಮೈಕ್ರೋವೇವ್ ಇತ್ತು. ಮಗ ಗಂಜಿ ಚೆಲ್ಲಿದ್ದಕ್ಕೆ ಯಾರೂ ಮುಖ ತಿರುಗಿಸಿ ನೋಡಲಿಲ್ಲ. ಡೆನ್ಮಾರ್ಕಿನವರು ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಹಾಳೆಯಷ್ಟು ತೆಳ್ಳನೆಯ ಚಾಕೊಲೇಟ್ ತುಂಡು ಇಟ್ಟುಕೊಳ್ಳುತ್ತಾರೆ, ದೊಡ್ಡವರೂ ಕೂಡ. ಮಗಳು ಅದನ್ನು ನೋಡಿ ನನ್ನ ಮುಖ ನೋಡಿದಳು. ತಿನ್ನು ಅಂದೆ.

ಟಿವೊಲಿ ಅನ್ನೋ ಆಟದ ಪಾರ್ಕಿನ ಟಿಕೆಟ್ ದರ ನೋಡಿ ಅದನ್ನು ಬಿಟ್ಟು ಫೇಲೆಡ್‌ಪಾರ್ಕ್‌ಗೆ ಹೋದೆವು. ಅಲ್ಲಿ ಮಕ್ಕಳಿಗಾಗಿಯೇ ಒಂದು ಪುಟ್ಟ ಊರಿನ ರಸ್ತೆ ಮಾಡಿದ್ದಾರೆ. ಸಿಗ್ನಲ್ಲು, ಜೀಬ್ರಾ ಪಟ್ಟೆ, ತಿರುವಿನ ಬೋರ್ಡು ಎಲ್ಲ ಇದೆ, ಎಲ್ಲವೂ ಮಕ್ಕಳ ಎತ್ತರಕ್ಕೆ. ಸೈಕಲ್ಲೂ ಅಲ್ಲೇ ಕೊಡುತ್ತಾರೆ, ದುಡ್ಡಿಲ್ಲ. ಮಗಳು ಕೆಂಪು ದೀಪಕ್ಕೆ ನಿಂತು, ಎಡಗೈ ಚಾಚಿ ತಿರುವು ತೋರಿಸಿ, ಮತ್ತೆ ಹೊರಟು, ಮತ್ತೆ ನಿಂತು, ಮೂರು ಗಂಟೆ ಅದನ್ನೇ ಮಾಡಿದಳು.

ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನ ತಳ್ಳುಗಾಡಿ ಹಿಡಿದು ಕೂತಿದ್ದರು. ಗಾಡಿಯೊಳಗೆ ಕೂಸು ನಿದ್ದೆ ಮಾಡುತ್ತಿತ್ತು, ಬೀಸುವ ಗಾಳಿಗೆ ನನಗೇ ನಡುಕ. ಇಲ್ಲಿ ಮಕ್ಕಳು ಹೊರಗೇ ಮಲಗುವುದು, ಚಳಿಗಾಲದಲ್ಲೂ ಅಂಗಳದಲ್ಲಿ ಗಾಡಿಯಲ್ಲೇ ಮಲಗಿಸುತ್ತೇವೆ ಅಂದರು. ನನ್ನ ಮಗ ರಾತ್ರಿ ಮಲಗದ ಕಥೆ ಹೇಳಿದೆ. "ಹಾಗಾದರೆ ಹಗಲು ಹೊರಗೆ ಮಲಗಿಸು, ರೂಮಿಗೆ ಓಡಬೇಡ" ಅಂದರು. ಅವತ್ತಿನಿಂದ ಮಧ್ಯಾಹ್ನದ ನಿದ್ದೆಗಾಗಿ ಹೋಟೆಲಿಗೆ ವಾಪಸ್ ಹೋಗುವುದನ್ನೇ ಬಿಟ್ಟೆವು. ಮಗನನ್ನು ಗಾಡಿಯಲ್ಲಿ ಹೊದಿಸಿ ಮರದ ಕೆಳಗೆ ನಿಲ್ಲಿಸಿದರೆ ಎರಡು ಗಂಟೆ ಗಟ್ಟಿ ನಿದ್ದೆ.

ಡೆನ್ಮಾರ್ಕಿನಲ್ಲಿ ಬಾಟಲಿಗೆ ಮುಂಗಡ ಹಣ ಕೊಡಬೇಕು, ಖಾಲಿ ಬಾಟಲಿ ಯಂತ್ರಕ್ಕೆ ಹಾಕಿದರೆ ವಾಪಸ್. ಮಗಳ ಅರ್ಧ ಲೀಟರ್ ಜ್ಯೂಸಿನ ಬಾಟಲಿಗೆ ಒಂದೂವರೆ ಕ್ರೋನ. ಇದನ್ನು ಕೇಳಿದ ಮೇಲೆ ಅವಳು ಆ ಬಾಟಲಿಯನ್ನು ಕೈಯಿಂದ ಬಿಡಲಿಲ್ಲ. ಸಂಜೆ ಅಂಗಡಿಗೆ ಹೋಗುವುದು ಮರೆತೇಹೋಯಿತು.

ಶುಕ್ರವಾರ

ಬೆಳಿಗ್ಗೆ ಸ್ವೀಡನ್ ಕಡೆಗೆ ರೈಲು. ಏರ್‌ಪೋರ್ಟ್ ದಾಟಿದ ಮೇಲೆ ರೈಲು ಸಮುದ್ರದ ಕೆಳಗಿನ ಸುರಂಗಕ್ಕೆ ಇಳಿಯುತ್ತದೆ, ಮನುಷ್ಯರೇ ಕಟ್ಟಿದ ಒಂದು ದ್ವೀಪದ ಮೇಲೆ ಎದ್ದು ಬರುತ್ತದೆ, ಅಲ್ಲಿಂದ ಸುಮಾರು 8 ಕಿಲೋಮೀಟರ್ ಸೇತುವೆ. 2000ದಲ್ಲಿ ತೆರೆದದ್ದು. ಎರಡೂ ಕಡೆ ನೀರು, ನಡುವೆ ರೈಲು. ಮಗ ಗಾಜಿಗೆ ಮೂಗು ಒತ್ತಿ ನಿಂತವನು ಮಾಲ್ಮೋ ಬರುವವರೆಗೆ ಅಲ್ಲಾಡಲಿಲ್ಲ. ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಗೋಥೆನ್‌ಬರ್ಗ್ ತಲುಪಿದಾಗ ಊರು ಖಾಲಿ ಖಾಲಿ. ಅವತ್ತು ಮಿಡ್‌ಸಮ್ಮರ್ ಹಬ್ಬದ ದಿನ. ವರ್ಷದ ದೊಡ್ಡ ಬೆಳಕಿನ ಹಬ್ಬ, ಜೂನ್ 19ರಿಂದ 25ರ ನಡುವಿನ ಶುಕ್ರವಾರ ಬರುತ್ತದೆ, ಊರಿನವರೆಲ್ಲ ಹಳ್ಳಿಮನೆಗೆ ಹೋಗಿಬಿಡುತ್ತಾರೆ. ಕಚೇರಿ ಕೆಲಸಕ್ಕೆ ಬರುವವರೂ ಇರುವುದಿಲ್ಲ. ಅದಕ್ಕೇ ನಮಗೆ ಒಳ್ಳೆಯ ಹೋಟೆಲಿನಲ್ಲಿ, ಎರಡಂತಸ್ತಿನ ಮಂಚ ಇರುವ ದೊಡ್ಡ ರೂಮು, ಮಾಮೂಲಿ ದರಕ್ಕಿಂತ ಎಷ್ಟೋ ಕಡಿಮೆಗೆ ಸಿಕ್ಕಿತ್ತು. ಅಗ್ಗ ಯಾಕೆ ಅನ್ನುವುದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ರಿಸೆಪ್ಷನ್‌ನಲ್ಲಿದ್ದ ಹೆಂಗಸು ಹತ್ತಿರದ ಮೈದಾನದ ದಾರಿ ಹೇಳಿದಳು. ಎಲೆ ಹೂವು ಸುತ್ತಿದ ಎತ್ತರದ ಕಂಬ, ಸುತ್ತ ಜನ ಕೈ ಕೈ ಹಿಡಿದು ಕುಣಿಯುತ್ತಿದ್ದರು. ಒಂದು ಹಾಡಿಗೆ ಎಲ್ಲರೂ ಕಪ್ಪೆಯ ಹಾಗೆ ಕುಪ್ಪಳಿಸಬೇಕು. ಬಿಳಿ ಕೂದಲಿನ ಅಜ್ಜ, ಸೂಟು ಹಾಕಿದ ಯುವಕ, ನನ್ನ ಮಗಳು, ಎಲ್ಲ ಒಂದೇ ಸಾಲಿನಲ್ಲಿ ಕಪ್ಪೆಗಳು. ಯಾರೋ ಅವಳ ತಲೆಗೆ ಹೂವಿನ ಕಿರೀಟ ಇಟ್ಟರು.

ಆರು ಗಂಟೆಗೆ ಹಸಿದು ಹೊರಬಂದರೆ ಹತ್ತಿರದ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಎರಡು ಊಟದ ಜಾಗ ನೋಡಿದೆವು, ಅವೂ ಇಲ್ಲ. ಮಳೆ ಹನಿಯೋಕೆ ಶುರುವಾಯಿತು, ಮಗನ ಹಾಲು ಮುಗಿದಿತ್ತು. ಹೋಟೆಲಿಗೆ ಬಂದು ಲಾಬಿಯ ಮೇಜಿನ ಮೇಲೆ ಚೀಲ ಬಿಚ್ಚಿದೆ. ಅಮ್ಮ ಹಾವೇರಿಯಿಂದ ಕಳಿಸಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ.

ಆ ಹೆಂಗಸು ಬಂದು ನಿಂತು ನೋಡಿದಳು. ಇದೇನು ಅಂದಳು. ಜೋಳದ ರೊಟ್ಟಿ, ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ ಅಂದೆ. ಒಂದು ತುಂಡು ಮುರಿದು ಕೊಟ್ಟೆ. ಕಟುಂ ಅಂತ ಕಡಿದು, ಏನೂ ಹೇಳದೆ ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಹಾಲು, ಇನ್ನೊಂದು ಕೈಯಲ್ಲಿ ಫಿಲ್ ಅನ್ನೋ ಮೊಸರಿನ ಡಬ್ಬ, ಕಂಕುಳಲ್ಲಿ ತಟ್ಟೆಯಷ್ಟು ದೊಡ್ಡ ದುಂಡನೆಯ ಒಣ ರೊಟ್ಟಿ. ಅದರ ನಡುವೆ ಒಂದು ತೂತು. ಕ್ನೆಕೆಬ್ರೋಡ್ ಅಂತಾರೆ, ಹೆಚ್ಚಾಗಿ ರೈ ಅನ್ನೋ ಧಾನ್ಯದ ಹಿಟ್ಟಿನದು. ಅವಳ ಅಜ್ಜಿಯ ಅಡುಗೆಮನೆಯಲ್ಲಿ ಮೇಲ್ಛಾವಣಿಯ ಕೆಳಗೆ ಒಂದು ಉದ್ದ ಕೋಲು ಇತ್ತಂತೆ. ತೂತಿನಲ್ಲಿ ಕೋಲು ಪೋಣಿಸಿ ಸಾಲಾಗಿ ನೇತುಹಾಕುತ್ತಿದ್ದರಂತೆ, ಒಮ್ಮೆ ಸುಟ್ಟರೆ ತಿಂಗಳುಗಟ್ಟಲೆ ಬರುತ್ತಿತ್ತಂತೆ. ನಮ್ಮ ಕಡೆ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿಡುತ್ತೇವೆ ಅಂತ ಕೈಯಲ್ಲೇ ತೋರಿಸಿದೆ. ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿದಳು.

ಆ ಫಿಲ್ ನಮ್ಮ ಮನೆ ಮೊಸರೇ, ಕಡೆದು ಸ್ವಲ್ಪ ತೆಳ್ಳಗೆ ಮಾಡಿದ ಹಾಗೆ. ಚಟ್ನಿಪುಡಿ ಕಲಸಿ ಅವಳ ರೊಟ್ಟಿ ನಮ್ಮ ರೊಟ್ಟಿ ಎರಡರ ಜೊತೆಗೂ ತಿಂದೆವು. ಹಬ್ಬದ ದಿನ ಡ್ಯೂಟಿಯಲ್ಲಿ ಒಬ್ಬಳೇ ಇದ್ದಳು, ನಮ್ಮ ಜೊತೆ ಕೂತಳು. ಹಾಲಿಗೆ ದುಡ್ಡು ಕೊಡಲು ಹೋದರೆ ಚಟ್ನಿಪುಡಿಯ ಡಬ್ಬಿ ಕಡೆ ಬೆರಳು ತೋರಿಸಿದಳು. ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಟ್ಟೆ.

ಶನಿವಾರ

ಬೆಳಗಿನ ತಿಂಡಿಗೆ ಮಗಳು ತಾನೇ ಹೋಗಿ ಬ್ರೆಡ್ಡಿನ ಮೇಲೆ ಏನೋ ಗುಲಾಬಿ ಬಣ್ಣದ್ದನ್ನು ಟ್ಯೂಬಿನಿಂದ ಹಿಂಡಿಕೊಂಡು ಬಂದಳು. ನೀಲಿ ಟ್ಯೂಬಿನ ಮೇಲೆ ನಗುವ ಹುಡುಗನ ಚಿತ್ರ ಇತ್ತು, ಮಕ್ಕಳ ಜಾಮ್ ಅಂದುಕೊಂಡಿದ್ದಳು. ಅದು ಮೀನಿನ ಮೊಟ್ಟೆಯ ಪೇಸ್ಟ್. ಬಾಯಿಗಿಟ್ಟವಳು ಅಳುತ್ತಾ ಓಡಿ ಬಂದಳು. ನಮ್ಮ ಹಾಗೆ ಮಾಂಸ ಮೀನು ತಿನ್ನದವರಾದರೆ ಟ್ಯೂಬಿನಲ್ಲಿ ಬರುವ ಯಾವುದನ್ನೂ ಕೇಳದೆ ಮುಟ್ಟಬೇಡಿ, ಕಂದು ಬಣ್ಣದ ಮೆತ್ತನೆಯ ಪೇಸ್ಟ್ ಕೂಡ ಬೇಡ, ಅದು ಯಕೃತ್ತಿನದು. ಚೀಸು, ಮೊಟ್ಟೆ, ಗಂಜಿ, ಹಣ್ಣು, ಫಿಲ್ ಇಷ್ಟು ಧಾರಾಳ ಇರುವಾಗ ಚಿಂತೆಯೇನಿಲ್ಲ.

11ನೇ ನಂಬರಿನ ಟ್ರಾಮ್ ಹಿಡಿದು ಸಾಲ್ಟ್‌ಹೋಲ್ಮನ್‌ಗೆ, ಅಲ್ಲಿಂದ ದೋಣಿಯಲ್ಲಿ ಸ್ಟಿರ್ಸೋ ದ್ವೀಪಕ್ಕೆ. ಟ್ರಾಮಿನ ಟಿಕೆಟ್ಟೇ ದೋಣಿಗೂ ನಡೆಯುತ್ತದೆ. ಆ ದ್ವೀಪಗಳಲ್ಲಿ ಕಾರುಗಳಿಲ್ಲ. ಮುಂದೆ ಪೆಟ್ಟಿಗೆ ಇರುವ ಮೊಪೆಡ್‌ಗಳಲ್ಲಿ ಜನ ಸಾಮಾನು, ನಾಯಿ, ಮಕ್ಕಳು ಎಲ್ಲವನ್ನೂ ಹೇರಿಕೊಂಡು ಹೋಗುತ್ತಾರೆ. ಮಗನನ್ನು ಕೈಬಿಟ್ಟು ರಸ್ತೆಯಲ್ಲಿ ನಡೆಯಲು ಬಿಟ್ಟದ್ದು ಇಡೀ ಪ್ರವಾಸದಲ್ಲಿ ಅಲ್ಲೊಂದೇ ಕಡೆ. ಬೂದು ಬಂಡೆಗಳು ಆನೆಯ ಬೆನ್ನಿನ ಹಾಗೆ ನುಣ್ಣಗೆ ಸಮುದ್ರಕ್ಕೆ ಇಳಿಯುತ್ತವೆ. ಬಿಸಿಲಿಗೆ ಕಾದ ಒಂದು ಬಂಡೆಯ ಮೇಲೆ ಬ್ರೆಡ್ಡು ಸೌತೆಕಾಯಿ ತಿಂದು ಸಂಜೆವರೆಗೆ ಕೂತಿದ್ದೆವು. ನೀರು ಮಾತ್ರ ಹಿಮ. ಕಾಲು ಇಟ್ಟ ಮಗಳು ಕಿರುಚಿದ್ದು ಪಕ್ಕದ ದ್ವೀಪಕ್ಕೂ ಕೇಳಿರಬೇಕು.

ಭಾನುವಾರ

ಇಡೀ ದಿನ ಮಳೆ. ಸ್ಲಾಟ್ಸ್‌ಸ್ಕೋಗನ್ ಪಾರ್ಕಿನಲ್ಲಿ ಕಡವೆಯ ಜಾತಿಯ ದೊಡ್ಡ ಎಲ್ಕ್, ಸೀಲ್, ಪೆಂಗ್ವಿನ್ ಇವೆಯಲ್ಲ, ಪುಕ್ಕಟೆ, ಛತ್ರಿ ಹಿಡಿದೇ ನೋಡಿ ಬಂದೆವು. ಆಮೇಲೆ ಹಾಗಾ ಅನ್ನುವ ಹಳೇ ಮರದ ಮನೆಗಳ ಬೀದಿ. ಒಂದು ಅಂಗಡಿಯ ಬಾಗಿಲು ತೆರೆದಾಗ ಬಂದ ವಾಸನೆಗೆ ನಾನು ನಿಂತುಬಿಟ್ಟೆ. ಏಲಕ್ಕಿ. ಇಲ್ಲಿಯವರು ಸಿಹಿ ಬನ್ನಿನ ಹಿಟ್ಟಿಗೆ ಏಲಕ್ಕಿಯನ್ನು ಕುಟ್ಟಿ ಹಾಕುತ್ತಾರೆ, ಪುಡಿಯಲ್ಲ, ತರಿತರಿಯಾಗಿ, ಹಲ್ಲಿಗೆ ಸಿಗುವ ಹಾಗೆ. ನಾನು ಬೆಳೆದದ್ದು ಏಲಕ್ಕಿ ಹಾರ ಕಟ್ಟುವ ಊರಿನಲ್ಲಿ. ಮದುವೆ ಮುಗಿದ ಮೇಲೂ ವಾರಗಟ್ಟಲೆ ಬೀರುವಿನೊಳಗೆ ಆ ವಾಸನೆ ಇರುತ್ತಿತ್ತು. ಸಮುದ್ರದಂಚಿನ ಈ ತಣ್ಣನೆಯ ಊರಿನಲ್ಲಿ, ಒದ್ದೆ ಕೋಟು ಹಾಕಿಕೊಂಡು, ಅದೇ ವಾಸನೆ. ಊಟದ ತಟ್ಟೆಯಷ್ಟು ದೊಡ್ಡ ಬನ್ನು ಒಂದೇ ಕೊಂಡೆವು, ನಾಲ್ಕು ಜನಕ್ಕೆ ಸಾಕಾಯಿತು.

ಮಗಳು ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದಳು. ಯಂತ್ರ ಅದನ್ನು ವಾಪಸ್ ತಳ್ಳಿತು. ಡೆನ್ಮಾರ್ಕಿನ ಬಾಟಲಿ ಸ್ವೀಡನ್‌ನಲ್ಲಿ ನಡೆಯುವುದಿಲ್ಲ. ಬಿಸಾಡೋಣ ಅಂದರು ನಮ್ಮನೆಯವರು. ಅವಳು ಅದನ್ನು ಅಪ್ಪಿಕೊಂಡು ನಿಂತಳು.

ಸೋಮವಾರ

ವಾರದ ದಿನಗಳಲ್ಲಿ ಸ್ವೀಡನ್‌ನ ಊಟದ ಮನೆಗಳಲ್ಲಿ ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೆ ದಿನದ ಊಟ ಅಂತ ಕಡಿಮೆ ದರಕ್ಕೆ ಕೊಡುತ್ತಾರೆ, ಸಲಾಡ್, ಬ್ರೆಡ್, ಕಾಫಿ ಎಲ್ಲ ಸೇರಿ. ಐದು ದಿನಗಳ ನಂತರ ಮೊದಲ ಸಲ ಬಿಸಿ ಬಿಸಿ ಊಟ ಸಿಕ್ಕಿತು. ಅದನ್ನು ಮುಗಿಸಿ ಓಸ್ಲೋ ಬಸ್ ಹತ್ತಿದೆವು.

ಓಸ್ಲೋದ ಹೋಟೆಲ್ ದರ ನಮ್ಮ ಕೈಗೆ ಎಟುಕಲಿಲ್ಲ, ಹಾಗಾಗಿ ಹಾಸ್ಟೆಲಿನಲ್ಲಿ ಕುಟುಂಬದ ರೂಮು ತೆಗೆದುಕೊಂಡಿದ್ದೆವು. ಹಾಸಿಗೆಯ ಬಟ್ಟೆಗೆ ಬೇರೆ ದುಡ್ಡು, ನಾವು ಮನೆಯಿಂದಲೇ ಒಯ್ದಿದ್ದೆವು. ಅಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಟ್ಟೆ ಒಣಗಿಸುವ ಬೀರು. ಬಾಗಿಲು ತೆಗೆದರೆ ಒಳಗೆ ಸಾಲು ಸಾಲು ಕಂಬಿ, ಕೆಳಗಿನಿಂದ ಬಿಸಿಗಾಳಿ. ಮಕ್ಕಳ ಒದ್ದೆ ಕೋಟು, ಸಣ್ಣ ಸಣ್ಣ ಸಾಕ್ಸು, ತೊಯ್ದ ಬೂಟು ಎಲ್ಲ ನೇತುಹಾಕಿದರೆ ಎರಡು ಗಂಟೆಯಲ್ಲಿ ಬೆಚ್ಚಗೆ ಗರಿಗರಿ. ಇದು ಇರುವ ಕಡೆ ಒಬ್ಬೊಬ್ಬರಿಗೆ ಮೂರು ಜೊತೆ ಬಟ್ಟೆ ಸಾಕು.

ಅಡುಗೆಮನೆಯಲ್ಲಿ ಅನ್ನ ಮಾಡಿ ಅಲ್ಲಿಯ ಮೊಸರಿನಂಥ ಹಾಲು ಕಲಸಿದೆ. ಹೊಗೆಯ ಅಲಾರಂಗೆ ಹೆದರಿ ಒಗ್ಗರಣೆ ಹಾಕಲಿಲ್ಲ. ಎದುರಿನ ಮೇಜಿನಲ್ಲಿ ಮೊಮ್ಮಗನ ಜೊತೆ ಕೂತಿದ್ದ ಅಜ್ಜ ನಮ್ಮ ತಟ್ಟೆ ನೋಡಿ ಖುಷಿಯಾಗಿ ದಾಲ್ಚಿನ್ನಿ ಸಕ್ಕರೆಯ ಡಬ್ಬಿ ಈ ಕಡೆ ಸರಿಸಿದರು. ನಾರ್ವೆಯ ಮನೆಗಳಲ್ಲಿ ಹಾಲಿನಲ್ಲಿ ಬೇಯಿಸಿದ ಅನ್ನದ ಗಂಜಿಗೆ ದಾಲ್ಚಿನ್ನಿ, ಸಕ್ಕರೆ, ಮೇಲೊಂದು ಬೆಣ್ಣೆ ಹಾಕಿ ತಿನ್ನುತ್ತಾರೆ, ನಾವೂ ಅದನ್ನೇ ಮಾಡಿದ್ದೇವೆ ಅಂದುಕೊಂಡಿದ್ದರು. ಬೇಡ ಅನ್ನಲು ಮನಸ್ಸಾಗಲಿಲ್ಲ. ಮಗಳು ಮೊಸರನ್ನದ ಮೇಲೆ ಉದುರಿಸಿಕೊಂಡಳು, ಪೂರ್ತಿ ತಿಂದಳು. ಅಜ್ಜನೂ ನಮ್ಮದನ್ನು ಒಂದು ಚಮಚ ತಿಂದು, ಉಪ್ಪು ಅಂತ ಗೊತ್ತಾಗಿ ಹುಬ್ಬೇರಿಸಿ, ಮತ್ತೊಂದು ಚಮಚ ಕೇಳಿದರು.

ಮಂಗಳವಾರ

ವೀಗೆಲಾಂಡ್ ಶಿಲ್ಪಗಳ ಪಾರ್ಕಿಗೆ ಟಿಕೆಟ್ಟಿಲ್ಲ, ಗೇಟು ಮುಚ್ಚುವುದೂ ಇಲ್ಲ. 212 ಶಿಲ್ಪಗಳು, ಎಲ್ಲವೂ ಮನುಷ್ಯರೇ: ಅಜ್ಜ, ಅಜ್ಜಿ, ತಾಯಿ, ಜಗಳವಾಡುವ ಮಕ್ಕಳು. ಸೇತುವೆಯ ಮೇಲೆ ಸಿಟ್ಟಿನಿಂದ ಕಾಲು ಒದೆಯುತ್ತಾ ಅಳುವ ಕಂಚಿನ ಪುಟ್ಟ ಹುಡುಗ ಇದ್ದಾನೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಅವನ ಎಡಗೈ ಚಿನ್ನದ ಹಾಗೆ ಹೊಳೆಯುತ್ತದೆ. ನನ್ನ ಮಗ ಅವನನ್ನು ಕಂಡವನೇ ಮುಖ ಸಣ್ಣದು ಮಾಡಿ, ತನ್ನ ಕೈಲಿದ್ದ ಬಿಸ್ಕತ್ತನ್ನು ಆ ಕೈಯತ್ತ ಚಾಚಿದ. ತೆಗೆದುಕೊಳ್ಳಲಿಲ್ಲ ಅಂತ ತಾನೂ ಅತ್ತ. ಹತ್ತು ನಿಮಿಷ ಇಬ್ಬರೂ ಎದುರುಬದುರು ಅಳುತ್ತಾ ನಿಂತಿದ್ದರು.

ಆ ಗಲಾಟೆಯಲ್ಲಿ ಅವನ ಒಂದು ಬೂಟು ಬಿದ್ದುಹೋಗಿತ್ತು, ಹಾಸ್ಟೆಲಿಗೆ ಬಂದ ಮೇಲೆ ಗೊತ್ತಾಯಿತು. ಇದ್ದದ್ದು ಅದೊಂದೇ ಜೊತೆ, ಅಲ್ಲಿ ಹೊಸದು ಕೊಳ್ಳುವ ದರ ನೆನೆದು ರಾತ್ರಿ ನಿದ್ದೆ ಬರಲಿಲ್ಲ.

ಬುಧವಾರ

ಬೆಳಿಗ್ಗೆ ಏಳಕ್ಕೇ ನಾನೊಬ್ಬಳೇ ಪಾರ್ಕಿಗೆ ಹೋದೆ. ಬೇಲಿಯ ಒಂದು ಗೂಟದ ತುದಿಗೆ, ಎಲ್ಲರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಆ ಪುಟ್ಟ ಬೂಟನ್ನು ಯಾರೋ ಬೋರಲು ಹಾಕಿ ಹೋಗಿದ್ದರು. ಮಳೆ ನೀರು ಒಳಗೆ ಹೋಗಬಾರದು ಅಂತ ಬೋರಲು. ಈ ಊರುಗಳಲ್ಲಿ ಬಿದ್ದ ಟೋಪಿ, ಗ್ಲೌಸು ಎಲ್ಲವನ್ನೂ ಹೀಗೇ ಎತ್ತರಕ್ಕೆ ಸಿಗಿಸಿ ಹೋಗುತ್ತಾರೆ.

ಹಾಸ್ಟೆಲಿನಲ್ಲಿ ಹೊರಡುವ ಮುಂಚೆ ರೂಮನ್ನು ನಾವೇ ಗುಡಿಸಿ ಒರೆಸಬೇಕು, ಇಲ್ಲದಿದ್ದರೆ ಅದಕ್ಕೂ ದುಡ್ಡು. ನಮ್ಮನೆಯವರು ನೆಲ ಒರೆಸಿದರು, ಮಗಳು ಸಿಂಕು ಉಜ್ಜಿದಳು.

ಮಧ್ಯಾಹ್ನ ಕೋಪನ್‌ಹೇಗನ್‌ಗೆ ಹಡಗು. ವಾರದ ನಡುವೆ ಅಗ್ಗ, ಒಂದು ರಾತ್ರಿಯ ಹೋಟೆಲೂ ಉಳಿಯುತ್ತದೆ. ಗಂಟೆಗಟ್ಟಲೆ ಫ್ಯೋರ್ಡಿನ, ಅಂದರೆ ನೆಲದೊಳಕ್ಕೆ ಚಾಚಿದ ಕಿರಿದಾದ ಸಮುದ್ರದ, ನಡುವೆ ಸಾಗುತ್ತದೆ, ದಡದಲ್ಲಿ ಕೆಂಪು ಬಿಳಿ ಮರದ ಮನೆಗಳು, ಜನ ಕೈ ಬೀಸುತ್ತಾರೆ. ನಾವು ಕೊಂಡದ್ದು ಎಲ್ಲಕ್ಕಿಂತ ಅಗ್ಗದ, ಕಿಟಕಿ ಇಲ್ಲದ ಕೋಣೆ. ಒಳಗೆ ಹೋಗಿ ದೀಪ ಆರಿಸಿದೆ. ಕತ್ತಲು. ನಿಜವಾದ, ಕಣ್ಣಿಗೆ ಏನೂ ಕಾಣದ ಕತ್ತಲು, ಎಂಟು ದಿನದಲ್ಲಿ ಮೊದಲ ಸಲ. ಮಗ "ಬೆಕ್ಕು?" ಅಂದ. ಇಲ್ಲ ಕಂದಾ ಅಂದೆ. ಹನ್ನೊಂದು ಗಂಟೆ ಮಲಗಿದ.

ಗುರುವಾರ

ಕಾಫಿ ಹಿಡಿದು ಮೇಲೆ ಬರುವಾಗ ಎಡಕ್ಕೆ ಸ್ವೀಡನ್, ಬಲಕ್ಕೆ ಡೆನ್ಮಾರ್ಕ್, ನೀರಿನಂಚಿನಲ್ಲಿ ಕ್ರೋನ್‌ಬೋರ್ಗ್ ಕೋಟೆಯ ಹಸಿರು ಗೋಪುರಗಳು.

ಹಡಗು ಇಳಿದು ರೈಲಿಗೆ ಎರಡು ಗಂಟೆ ಸಮಯವಿತ್ತು. ಮಗಳು ನೇರವಾಗಿ ಅಂಗಡಿಗೆ ನಡೆದಳು. ಮೂರು ದೇಶ ಸುತ್ತಿ ಬಂದ ಬಾಟಲಿ, ಅಲ್ಲಲ್ಲಿ ನೆಗ್ಗಿತ್ತು. ತುದಿಗಾಲಲ್ಲಿ ನಿಂತು ಯಂತ್ರದ ಬಾಯಿಗೆ ಇಟ್ಟಳು. ಅದು ಒಂದು ಸುತ್ತು ತಿರುಗಿ ಒಳಗೆ ಹೋಯಿತು, ಚೀಟಿ ಹೊರಬಂತು: ಒಂದೂವರೆ ಕ್ರೋನ. ಕೌಂಟರಿನಲ್ಲಿ ಕೊಟ್ಟರೆ ದುಡ್ಡು ಕೊಡುತ್ತಾರೆ ಅಂದೆ. ಅವಳು ಕೊಡಲಿಲ್ಲ. ಆ ಚೀಟಿ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ, ಅಕ್ಷರ ಆಗಲೇ ಮಾಸುತ್ತಿದೆ.